ನಾಲ್ಕು ದಿನದ ಕಾಲ್‌ಶೀಟ್‌ನಲ್ಲಿ ವಯಸ್ಸಾದ ಆ್ಯಕ್ಷನ್ ಹೀರೋನ ಸಿನಿಮಾ

ಮಾರ್ಕೆಟ್ ಇಳಿದ ಆ್ಯಕ್ಷನ್ ಹೀರೋನನ್ನು ಇಟ್ಟುಕೊಂಡು ಸಣ್ಣ ಬಜೆಟ್‌ನಲ್ಲಿ ತೆಗೆಯುವ ಸಿನಿಮಾದ ಕಥೆ ಎಲ್ಲರಿಗೂ ಬಾಯಿಪಾಠ. ನಿವೃತ್ತ ಅಧಿಕಾರಿ, ಅಪಹರಣವಾದ ಮಗಳು, ಹಳೇ ವೈರಿ, ಕೊನೆಗೆ ಗೋಡೌನ್‌ನಲ್ಲಿ ಫೈಟು. ಸೂತ್ರದಲ್ಲಿ ತಪ್ಪಿಲ್ಲ, ನೋಡುವವರು ಅದಕ್ಕಾಗಿಯೇ ಬರುತ್ತಾರೆ. ಸಿನಿಮಾ ಕೆಡುವುದು ಬೇರೆ ಕಾರಣಕ್ಕೆ. ಹೀರೋ ಒಂದು ತೀರ್ಮಾನಕ್ಕೆ ಬರುವ ಗಳಿಗೆಯಲ್ಲಿ ಅವನ ಮುಖ ಇರುವುದಿಲ್ಲ, ಬರೀ ಬೆನ್ನು ಸಾಕಾಗಿದ್ದ ಕಡೆ ಮುಖ ತೋರಿಸಿ ಕಾಲ್‌ಶೀಟ್, ಅಂದರೆ ಅವನು ಶೂಟಿಂಗ್‌ಗೆ ಕೊಟ್ಟ ಸಮಯ, ಖಾಲಿ ಮಾಡಿರುತ್ತಾರೆ. ಓಡುವುದು, ಬೀಳುವುದು, ಹತ್ತುವುದೆಲ್ಲ ಡ್ಯೂಪ್‌ಗೆ, ಅಂದರೆ ಹೀರೋನ ಬದಲಿಗೆ ನಿಲ್ಲುವವನಿಗೆ, ಬಿಡಿ. ಯೋಚಿಸುವುದು, ಹೆದರುವುದು, ನಿರ್ಧರಿಸುವುದು ಹೀರೋಗೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇಂಥ ಸಿನಿಮಾಗಳ ವ್ಯಾಪಾರ ಹೀರೋನ ಹೆಸರಿನ ಮೇಲೆ ನಡೆಯುತ್ತದೆ. ಕ್ಯಾಸೆಟ್ ಕಾಲದಲ್ಲಿ ಕವರ್ ಮೇಲಿನ ಮುಖ, ಆಮೇಲೆ ಡಿವಿಡಿ, ಈಗ ಸ್ಟ್ರೀಮಿಂಗ್ ಆ್ಯಪ್‌ನ ಚಿಕ್ಕ ಚೌಕದಲ್ಲಿ ಅದೇ ಮುಖ. 2000ದ ನಂತರ ಅಮೆರಿಕದ ಇಂಥ ಎಷ್ಟೋ ಚಿತ್ರಗಳು ಖರ್ಚು ಉಳಿಸಲು ಬಲ್ಗೇರಿಯಾ, ರೊಮೇನಿಯಾಗಳಲ್ಲಿ ಶೂಟ್ ಆದವು. ಶೂಟಿಂಗ್‌ಗೆ ಮೊದಲೇ ಒಂದೊಂದು ಪ್ರದೇಶದ ಹಕ್ಕನ್ನು ಹೆಸರು ತೋರಿಸಿ ಮಾರುವುದು ಈ ವ್ಯಾಪಾರದ ರೂಢಿ. ಹಾಗಾಗಿ ಬಜೆಟ್‌ನ ದೊಡ್ಡ ಪಾಲು ಹೀರೋನ ಸಂಭಾವನೆಗೇ ಹೋಗುತ್ತದೆ, ದಿನಗಳು ಕಡಿಮೆ ಸಿಗುತ್ತವೆ. ಇಡೀ ಶೂಟಿಂಗ್ 18ರಿಂದ 20 ದಿನ ಇದ್ದರೆ ಹೀರೋ ನಾಲ್ಕು ದಿನ ಕೊಡುತ್ತಾನೆ ಎಂದುಕೊಂಡು ಹೊರಡೋಣ.

ಮೊದಲು ನಿಮಿಷಗಳ ಲೆಕ್ಕ

12 ಗಂಟೆಯ ಕಾಲ್‌ಶೀಟ್‌ನಲ್ಲಿ ಮೇಕಪ್, ಊಟ, ಲೈಟಿಂಗ್ ಕಳೆದರೆ ಕ್ಯಾಮೆರಾ ಮುಂದೆ ಹೀರೋ ಸಿಗುವುದು ಆರೂವರೆಯಿಂದ ಏಳು ಗಂಟೆ. ಎರಡು ಕ್ಯಾಮೆರಾ ಇಟ್ಟು, ಜಾಗ ಬದಲಿಸದೆ ಕೆಲಸ ಮಾಡಿದರೆ ದಿನಕ್ಕೆ ಸ್ಕ್ರಿಪ್ಟ್‌ನ ಆರು ಪುಟ ಮುಗಿಯುತ್ತದೆ. ಫೈಟ್ ಇರುವ ದಿನ ಮೂರು ಪುಟ ಆದರೆ ಹೆಚ್ಚು. ಮೂರು ದಿನ ಮಾತು, ಒಂದು ದಿನ ಫೈಟ್ ಎಂದರೆ ಒಟ್ಟು 21 ಪುಟ. ಪುಟಕ್ಕೆ ಒಂದು ನಿಮಿಷದ ಲೆಕ್ಕದಲ್ಲಿ 90 ನಿಮಿಷದ ಸಿನಿಮಾದಲ್ಲಿ ಹೀರೋನ ಮುಖ 21 ನಿಮಿಷ. ಇದಕ್ಕೆ ಡ್ಯೂಪ್‌ನ ಬೆನ್ನು, ದೂರದ ಶಾಟ್‌ಗಳಿಂದ ಹತ್ತು ನಿಮಿಷ, ಫೋನ್‌ನಲ್ಲೋ ವಾಕಿಟಾಕಿಯಲ್ಲೋ ಬರೀ ಧ್ವನಿಯಿಂದ ನಾಲ್ಕೈದು ನಿಮಿಷ ಸೇರುತ್ತದೆ. ಒಟ್ಟು 35 ನಿಮಿಷ ಹೀರೋ ಕಥೆಯೊಳಗೆ ಇದ್ದಾನೆ ಎಂಬ ಭಾವನೆ ಮೂಡಿಸಬಹುದು. ಅದು ಸಾಲುತ್ತದೆ, ಆದರೆ ಸ್ಕ್ರಿಪ್ಟನ್ನು ಈ ಲೆಕ್ಕ ಇಟ್ಟುಕೊಂಡೇ ಬರೆದಿರಬೇಕು. 60 ಪುಟದ ಹೀರೋ ಪಾತ್ರ ಬರೆದು, ಆಮೇಲೆ ನಾಲ್ಕು ದಿನಕ್ಕೆ ಕತ್ತರಿಸಲು ಕೂತರೆ ಕಥೆಯ ಕೀಲುಗಳೇ ಕಳಚಿಹೋಗುತ್ತವೆ. ಹಾಗಾದಾಗಲೇ ಎಡಿಟಿಂಗ್‌ನಲ್ಲಿ ಹಿನ್ನೆಲೆ ಧ್ವನಿ ತುರುಕಿ ತೇಪೆ ಹಾಕುವ ಪರಿಸ್ಥಿತಿ ಬರುವುದು.

ಕರಾರಿನಲ್ಲಿ ನಾಲ್ಕು ದಿನ ಎಂದಷ್ಟೇ ಬರೆದರೆ ಸಾಲದು. ಗಂಟೆ ಎಲ್ಲಿಂದ ಶುರು, ಹೋಟೆಲ್‌ನಿಂದಲೋ ಸೆಟ್‌ನಿಂದಲೋ ಎಂಬುದು ಬರಹದಲ್ಲಿರಲಿ. ಪೋಸ್ಟರ್‌ಗೆ ಎರಡು ಗಂಟೆಯ ಫೋಟೋ ಶೂಟ್, ಡಬ್ಬಿಂಗ್‌ಗೆ ಪ್ರತ್ಯೇಕವಾಗಿ ಒಂದು ಪೂರ್ತಿ ದಿನ, ಡ್ಯೂಪ್ ಬಳಸಲು ಒಪ್ಪಿಗೆ, ಯಾವ ಸ್ಟಂಟ್ ತಾನೇ ಮಾಡುತ್ತಾನೆ ಯಾವುದು ಮಾಡುವುದಿಲ್ಲ ಎಂಬ ಪಟ್ಟಿ, ಇಷ್ಟೂ ಬೇಕು. ಮುಖವನ್ನೋ ಧ್ವನಿಯನ್ನೋ ಕಂಪ್ಯೂಟರ್‌ನಲ್ಲಿ ಸೃಷ್ಟಿಸುವ ಯೋಚನೆ ಇದ್ದರೆ ಅದಕ್ಕೆ ಬೇರೆಯೇ ಲಿಖಿತ ಒಪ್ಪಿಗೆ ಪಡೆಯಿರಿ. ಇವುಗಳಲ್ಲಿ ಜನ ಮರೆಯುವುದು ಡಬ್ಬಿಂಗ್ ದಿನವನ್ನು. ಶೂಟಿಂಗ್ ಮುಗಿಸಿ ಹೀರೋ ಮುಂದಿನ ಚಿತ್ರಕ್ಕೆ ಹೋಗಿಬಿಟ್ಟರೆ ಬೇರೆಯವರಿಂದ ಧ್ವನಿ ಕೊಡಿಸಬೇಕಾಗುತ್ತದೆ. ಆ ಧ್ವನಿಯನ್ನು ಮೂವತ್ತು ವರ್ಷದಿಂದ ಕೇಳಿದ ಅಭಿಮಾನಿಗೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತದೆ, ಅಲ್ಲಿಗೆ ಸಿನಿಮಾ ಅವನ ಕೈಬಿಟ್ಟಿತು.

ಸ್ಕ್ರಿಪ್ಟ್: ಕೂತ ಜಾಗ ಮತ್ತು ಓಡುವ ಹುಡುಗ

ನಾಲ್ಕು ದಿನದ ಹೀರೋಗೆ ಎರಡು ಆಸರೆ ಬೇಕು. ಒಂದು, ಅವನು ಹೆಚ್ಚು ಹೊತ್ತು ಇರುವ ಒಂದೇ ಜಾಗ: ಕಂಟ್ರೋಲ್ ರೂಮ್, ಗ್ಯಾರೇಜ್, ಬಾರ್, ಆಸ್ಪತ್ರೆ ಕೋಣೆ. ಇನ್ನೊಂದು, ಹೊರಗೆ ಓಡಾಡುವ ಕಿರಿಯ ಪಾತ್ರ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಹೀರೋ ಯಾಕೆ ಅಲ್ಲೇ ಕೂತಿದ್ದಾನೆ ಎಂಬುದಕ್ಕೆ ಕಥೆಯಲ್ಲಿ ಕಾರಣ ಇರುವುದಿಲ್ಲ. ಕಾರಣ ಕೊಡಿ. ಕಾಲಿಗೆ ಏಟಾಗಿರಬಹುದು, ಮನೆಬಂಧನದಲ್ಲಿರಬಹುದು, ಸಾಕ್ಷಿಯೊಬ್ಬನನ್ನು ಕಾಯುತ್ತಿರಬಹುದು. ಕಾರಣ ಗಟ್ಟಿಯಾಗಿದ್ದರೆ ಕೂತಿರುವುದೇ ಒತ್ತಡ ಹುಟ್ಟಿಸುತ್ತದೆ. ಇಲ್ಲದಿದ್ದರೆ ಸಂಭಾವನೆ ಉಳಿಸಲು ಕೂರಿಸಿದ್ದಾರೆ ಎಂಬುದು ಎದ್ದು ಕಾಣುತ್ತದೆ.

ಓಡುವ ಹುಡುಗನೋ ಹುಡುಗಿಯೋ ಬರೀ ಆಜ್ಞೆ ಪಾಲಿಸುವ ಪಾತ್ರ ಆಗಬಾರದು. ಹೀರೋ ಹೇಳಿದ್ದನ್ನು ಒಮ್ಮೆಯಾದರೂ ಮೀರಬೇಕು, ಅದರಿಂದ ನಷ್ಟವಾಗಬೇಕು. ಆಗ ಕೋಣೆಯಲ್ಲಿರುವ ಹೀರೋಗೆ ಅಭಿನಯಿಸಲು ಏನಾದರೂ ಸಿಗುತ್ತದೆ.

21 ನಿಮಿಷವನ್ನು ಹಂಚುವ ಕ್ರಮ ಹೀಗಿರಲಿ. ಮೊದಲ ಐದು ನಿಮಿಷದೊಳಗೆ ಎಂಟ್ರಿ, ಅಲ್ಲಿಂದ ಯಾವಾಗಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರೆಯಾಗದಂತೆ ಚಿಕ್ಕ ಚಿಕ್ಕ ತುಣುಕು, ಕೊನೆಯ ಕಾಲು ಗಂಟೆಗೆ ಏಳೆಂಟು ನಿಮಿಷ ಮೀಸಲು. ಕೆಲವರು ಮೊದಲ ಅರ್ಧ ಗಂಟೆಯಲ್ಲೇ ಹೀರೋನನ್ನು ಪೂರ್ತಿ ಬಳಸಿ, ಮಧ್ಯೆ 30 ನಿಮಿಷ ಕಾಣೆ ಮಾಡುತ್ತಾರೆ. ಮನೆಯಲ್ಲಿ ನೋಡುವವನ ಕೈಯಲ್ಲಿ ರಿಮೋಟ್ ಇರುತ್ತದೆ, ಅವನು ಮುಂದಕ್ಕೆ ಓಡಿಸುತ್ತಾನೆ.

ವಿಲನ್ ಮತ್ತು ಹೀರೋ ಒಂದೇ ಫ್ರೇಮಿನಲ್ಲಿ ಮುಖಾಮುಖಿಯಾಗುವ ಸೀನ್ ಕನಿಷ್ಠ ಒಂದು ಇರಲೇಬೇಕು. ಇಬ್ಬರೂ ಒಟ್ಟಿಗೆ ಸಿಗುವ ಆ ಕಾಂಬಿನೇಷನ್ ಡೇಟ್ ಹೊಂದಿಸುವುದು ಕಷ್ಟ ಎಂದು ಇಬ್ಬರನ್ನೂ ಬೇರೆ ಬೇರೆ ದಿನ ತೆಗೆದು ಕ್ಲೋಸಪ್‌ಗಳನ್ನು ಇಂಟರ್‌ಕಟ್ ಮಾಡಿದರೆ, ಅಂದರೆ ಒಂದಾದ ಮೇಲೊಂದು ಜೋಡಿಸಿದರೆ, ಕಣ್ಣಿನ ನೋಟ ಒಂದು ಎಳೆಯಷ್ಟು ಆಚೀಚೆ ಆಗುತ್ತದೆ. ಕಾರಣ ಹೇಳಲಾಗದಿದ್ದರೂ ನೋಡುವವರಿಗೆ ಅದು ಸುಳ್ಳೆಂದು ಅನಿಸುತ್ತದೆ. ಇಬ್ಬರೂ ಸೇರಿದ ಒಂದೇ ಒಂದು ಟೂ ಶಾಟ್, ಐದು ಸೆಕೆಂಡ್, ಈ ಅನುಮಾನವನ್ನು ತೆಗೆಯುತ್ತದೆ.

ನಾಲ್ಕು ದಿನದ ಒನ್ ಲೈನ್ ಆರ್ಡರ್: ಯಾವ ದಿನ ಯಾವ ಸೀನ್

ಮೊದಲ ದಿನ ಫೈಟ್ ಬೇಡ, ಕಷ್ಟದ ಡೈಲಾಗ್ ಬೇಡ. ನಡೆದು ಬರುವುದು, ಕಾರಿನಿಂದ ಇಳಿಯುವುದು, ಎಂಟ್ರಿ, ಚಿಕ್ಕ ಮಾತು. ಹೀರೋಗೆ ಯೂನಿಟ್ ಪರಿಚಯವಾಗುತ್ತದೆ, ಕ್ಯಾಮೆರಾಮನ್‌ಗೆ ಆ ಮುಖಕ್ಕೆ ಯಾವ ಲೈಟ್ ಒಗ್ಗುತ್ತದೆ ಎಂದು ತಿಳಿಯುತ್ತದೆ. ಎರಡನೇ ದಿನ ಕೂತ ಜಾಗದ ಎಲ್ಲ ಸೀನ್‌ಗಳು. ಕಥೆಯಲ್ಲಿ ಅವು ಬೇರೆ ಬೇರೆ ರಾತ್ರಿ ನಡೆದರೂ ಒಂದೇ ದಿಕ್ಕಿನ ಲೈಟಿಂಗ್‌ನಲ್ಲಿ ಬರುವ ಶಾಟ್‌ಗಳನ್ನೆಲ್ಲ ಒಟ್ಟಿಗೆ ಮುಗಿಸಿ, ಆಮೇಲೆ ಕ್ಯಾಮೆರಾ ತಿರುಗಿಸಿ. ಮೂರನೇ ದಿನ ಫೈಟ್. ನಾಲ್ಕನೇ ದಿನ ಉಳಿದ ಮಾತು ಮತ್ತು ಪ್ಯಾಚ್ ವರ್ಕ್, ಅಂದರೆ ಬಿಟ್ಟುಹೋದ ಚಿಲ್ಲರೆ ಶಾಟ್‌ಗಳು.

ಫೈಟನ್ನು ಕೊನೆಯ ದಿನಕ್ಕೆ ಇಟ್ಟರೆ, ಮಂಡಿ ಉಳುಕಿದರೆ ಮರುದಿನ ಎಂಬುದೇ ಇರುವುದಿಲ್ಲ. ಮೊದಲ ದಿನಕ್ಕೆ ಇಟ್ಟರೆ ಉಳಿದ ಮೂರು ದಿನವೂ ಕುಂಟುವ ಹೀರೋ. ಅರವತ್ತು ದಾಟಿದ ದೇಹಕ್ಕೆ ಅರ್ಧ ಗಂಟೆ ವಾರ್ಮ್‌ಅಪ್ ಕೊಟ್ಟು, ಬೆಳಿಗ್ಗೆ ಹತ್ತರಿಂದ ಊಟದವರೆಗೆ ಅವನ ಫೈಟ್ ಶಾಟ್‌ಗಳನ್ನೆಲ್ಲ ತೆಗೆದುಬಿಡಿ. ಊಟವಾದ ಮೇಲೆ ಮೈ ತಣ್ಣಗಾಗಿರುತ್ತದೆ, ಸ್ನಾಯು ಹಿಡಿದುಕೊಳ್ಳುವುದು ಆಗಲೇ. ಮಧ್ಯಾಹ್ನ ಡ್ಯೂಪ್ ಮತ್ತು ಫೈಟರ್ಸ್ ಕೆಲಸ ಮಾಡಲಿ.

ಪ್ರತಿ ಸೆಟಪ್‌ನಲ್ಲೂ ಹೀರೋನ ಕ್ಲೋಸ್ ಮೊದಲು. ಹೀರೋನ ಭುಜದ ಮೇಲಿಂದ ಎದುರಿಗಿರುವವರನ್ನು ತೆಗೆಯುವ ಸಜೆಶನ್ ಶಾಟ್‌ನಲ್ಲಿ ಮುಂದೆ ಕಾಣುವ ಭುಜ ಡ್ಯೂಪ್‌ನದ್ದಾದರೂ ನಡೆಯುತ್ತದೆ. ಆದರೆ ಎದುರಿನ ನಟನ ಕಣ್ಣಿಗೆ ಹೀರೋನ ಎತ್ತರದಲ್ಲೇ ಒಂದು ಗುರುತು ಇಡಿ, ಡೈಲಾಗ್ ಹೇಳಲು ಅಸೋಸಿಯೇಟ್ ಡೈರೆಕ್ಟರ್ ಒಬ್ಬರು ಅಲ್ಲೇ ನಿಲ್ಲಲಿ.

ಕಾಸ್ಟ್ಯೂಮ್ ಒಂದೇ ಇರಲಿ: ಗಾಢ ಬಣ್ಣದ, ಸೊಂಟದ ಕೆಳಗೆ ಬರುವ ಜಾಕೆಟ್. ಅದೇ ಬಟ್ಟೆಯ ನಾಲ್ಕು ಜೊತೆ ಹೊಲಿಸಿ, ಹೀರೋಗೆ ಎರಡು, ಡ್ಯೂಪ್‌ಗೆ ಒಂದು, ರಕ್ತ ಮತ್ತು ಹರಿದ ಗುರುತಿಗೆ ಒಂದು. ಕಪ್ಪು ಜಾಕೆಟ್ ಹೊಟ್ಟೆಯನ್ನೂ ರೋಪ್ ಕಟ್ಟಲು ಮೈಗೆ ಬಿಗಿಯುವ ಹಾರ್ನೆಸ್ ಪಟ್ಟಿಯನ್ನೂ ಮುಚ್ಚುತ್ತದೆ, ಹೀರೋ ಮತ್ತು ಡ್ಯೂಪ್ ನಡುವಿನ ಮೈಕಟ್ಟಿನ ಅಂತರವನ್ನೂ ಮರೆಸುತ್ತದೆ. ಚೆಕ್ಸ್, ಪಟ್ಟೆ, ಹೊಳೆಯುವ ಬಟ್ಟೆ ಬೇಡವೇ ಬೇಡ.

ಡ್ಯೂಪ್: ಎತ್ತರಕ್ಕಿಂತ ನಡಿಗೆ ಮುಖ್ಯ

ಡ್ಯೂಪ್ ಆರಿಸುವಾಗ ಎಲ್ಲರೂ ಎತ್ತರ ನೋಡುತ್ತಾರೆ. ಎತ್ತರದ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸವನ್ನು ಶೂ ಸರಿಮಾಡುತ್ತದೆ. ಸರಿಮಾಡಲಾಗದ್ದು ಭುಜದ ಅಗಲ, ಕತ್ತಿನ ಉದ್ದ, ಕಿವಿಯ ಆಕಾರ. ಹಿಂದಿನಿಂದ ತೆಗೆದ ಶಾಟ್‌ನಲ್ಲಿ ಕಣ್ಣು ಹೋಗುವುದು ಕತ್ತು ಮತ್ತು ಕಿವಿಗೆ. ಆಮೇಲೆ ನಡಿಗೆ. ವಯಸ್ಸಾದ ಹೀರೋ ಒಂದು ಕಾಲಿಗೆ ಹೆಚ್ಚು ಭಾರ ಕೊಡಬಹುದು, ತಿರುಗುವಾಗ ಕತ್ತನ್ನಷ್ಟೇ ತಿರುಗಿಸದೆ ಇಡೀ ಮೈ ತಿರುಗಿಸಬಹುದು. ಮೊದಲ ದಿನ ಹೀರೋ ನಡೆಯುವುದನ್ನು ಮುಂದೆ, ಹಿಂದೆ, ಪಕ್ಕದಿಂದ ವಿಡಿಯೋ ಮಾಡಿ ಡ್ಯೂಪ್‌ಗೆ ಕೊಡಿ. ಮೂವತ್ತರ ಹುಡುಗನ ಚುರುಕು ನಡಿಗೆ ಗೋಡೌನ್ ಬಾಗಿಲು ದಾಟಿ ಬಂದು, ಮುಂದಿನ ಶಾಟ್‌ನಲ್ಲಿ ಅರವತ್ತರ ಮುಖ ಉಸಿರು ಬಿಡುತ್ತಾ ನಿಂತಿದ್ದರೆ ಆ ಕಟ್ ಎಂದೂ ಕೂಡುವುದಿಲ್ಲ.

ಕೈಗಳ ವಿಷಯ ಬೇರೆಯಾಗಿಯೇ ಹೇಳಬೇಕು. ಟ್ರಿಗರ್ ಒತ್ತುವ ಬೆರಳು, ಬೀಗ ತೆಗೆಯುವ ಕೈ, ಫೋಟೋ ಹಿಡಿದ ಹೆಬ್ಬೆರಳು, ಇವನ್ನೆಲ್ಲ ಹೀರೋ ಹೋದ ಮೇಲೆ ಡ್ಯೂಪ್‌ನಿಂದ ತೆಗೆಯುವುದು ರೂಢಿ. ಕೈಗೂ ವಯಸ್ಸಿದೆ. ಮುಂಗೈ ಚರ್ಮ ತೆಳುವಾಗಿರುತ್ತದೆ, ನರ ಎದ್ದಿರುತ್ತದೆ, ಕಂದು ಚುಕ್ಕೆ ಇರುತ್ತವೆ, ಹಳೇ ಫೈಟ್‌ಗಳಲ್ಲಿ ಮುರಿದು ಕೂಡಿದ ಕಿರುಬೆರಳು ಸೊಟ್ಟಗಿರುತ್ತದೆ. ಇಂಥ ಇನ್ಸರ್ಟ್ ಶಾಟ್‌ನಲ್ಲಿ, ಅಂದರೆ ಕೈಯನ್ನೋ ವಸ್ತುವನ್ನೋ ಮಾತ್ರ ಹತ್ತಿರದಿಂದ ತೋರಿಸುವ ಶಾಟ್‌ನಲ್ಲಿ, ಕೈ ಫ್ರೇಮ್ ತುಂಬ ಇರುವುದರಿಂದ ಇದು ಎದ್ದು ಕಾಣುತ್ತದೆ. ಎರಡನೇ ದಿನ ಊಟಕ್ಕೆ ಮೊದಲು ಇಪ್ಪತ್ತೈದು ನಿಮಿಷ ಎತ್ತಿಡಿ. ಒಂದು ಟೇಬಲ್, 100 ಎಂಎಂ ಮ್ಯಾಕ್ರೋ ಲೆನ್ಸ್, ಒಂದು ಲೈಟ್. ಇಡೀ ಸಿನಿಮಾಕ್ಕೆ ಬೇಕಾದ ಹತ್ತು ಹನ್ನೆರಡು ಇನ್ಸರ್ಟ್‌ಗಳನ್ನು ಹೀರೋನ ಕೈಯಿಂದಲೇ ಮಾಡಿಸಿ. ವಾಚ್ ಮತ್ತು ಉಂಗುರ ಯಾವ ಕೈಯಲ್ಲಿ ಎಂದು ಫೋಟೋ ತೆಗೆದಿಟ್ಟುಕೊಳ್ಳಿ.

ಫೈಟ್

ಹೈ ಕಿಕ್, ಗಾಳಿಯಲ್ಲಿ ತಿರುಗುವುದು ಇಲ್ಲ. ವಯಸ್ಸಿಗೆ ಒಪ್ಪುವುದು ಹತ್ತಿರದ ಹೊಡೆದಾಟ: ಮೊಣಕೈ, ಮಣಿಕಟ್ಟು ತಿರುಚುವುದು, ಎದುರಾಳಿಯ ತಲೆಯನ್ನು ಗೋಡೆಗೋ ಟೇಬಲ್‌ಗೋ ಬಡಿಯುವುದು. ಇಲ್ಲಿ ಹೀರೋ ಒಂದಡಿ ಜಾಗದಲ್ಲಿ ನಿಂತಿರುತ್ತಾನೆ, ಚಲನೆಯೆಲ್ಲ ಫೈಟರ್‌ನದ್ದು. ಫೈಟ್ ಮಾಸ್ಟರ್‌ಗೆ ಮೊದಲೇ ಹೇಳಿ, ಒಂದು ಶಾಟ್‌ಗೆ ಮೂರು ಮೂವ್‌ಮೆಂಟ್ ಮಾತ್ರ. ನಾಲ್ಕನೆಯದಕ್ಕೆ ಹೀರೋ ನೆನಪಿಸಿಕೊಳ್ಳುವುದು ಕಣ್ಣಲ್ಲಿ ಕಾಣುತ್ತದೆ.

ಏಟು ನಿಜವೆನಿಸಲು ಮುಷ್ಟಿ ಮತ್ತು ಮುಖ ಕ್ಯಾಮೆರಾದ ನೇರಕ್ಕೆ ಒಂದರ ಹಿಂದೊಂದು ಬರಬೇಕು. 85ರಿಂದ 100 ಎಂಎಂ ಲೆನ್ಸ್ ಹಾಕಿ ಹಿಂದೆ ಸರಿದರೆ ನಡುವಿನ ಒಂದಡಿ ಅಂತರ ಮುಚ್ಚಿಹೋಗುತ್ತದೆ. ಅದೇ ಏಟನ್ನು ಪಕ್ಕದಿಂದ ವೈಡ್ ಲೆನ್ಸ್‌ನಲ್ಲಿ ತೆಗೆದರೆ ಗಾಳಿಗೆ ಹೊಡೆದದ್ದು ಬಯಲಾಗುತ್ತದೆ. ಫೈಟರ್‌ನ ತಲೆ ಮುಷ್ಟಿ ಹೋದ ದಿಕ್ಕಿಗೇ ತಿರುಗಬೇಕು. ಸುಸ್ತಾದ ಫೈಟರ್ ಕೊನೆಕೊನೆಗೆ ಏಟಿಗೆ ಮುಂಚೆಯೇ ತಿರುಗಿಬಿಡುತ್ತಾನೆ, ಪ್ರತಿ ಟೇಕ್ ಆದ ಮೇಲೆ ಮಾನಿಟರ್‌ನಲ್ಲಿ ನಿಧಾನಕ್ಕೆ ಓಡಿಸಿ ನೋಡಿ. ಎಡಿಟರ್ ಏಟು ಬೀಳುವ ಫ್ರೇಮಿನಲ್ಲಿ ಕಟ್ ಮಾಡಿ, ಮುಂದಿನ ಶಾಟನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಶುರು ಮಾಡಿದರೆ ಏಟಿಗೆ ತೂಕ ಬರುತ್ತದೆ.

ವೇಗ ಸಾಲದಿದ್ದರೆ ಸೆಕೆಂಡಿಗೆ 24ರ ಬದಲು 22 ಫ್ರೇಮ್‌ನಲ್ಲಿ ಶೂಟ್ ಮಾಡಿ, 24ರಲ್ಲೇ ಓಡಿಸಬಹುದು, ಚಲನೆ ಸುಮಾರು ಶೇಕಡಾ 9ರಷ್ಟು ಚುರುಕಾಗುತ್ತದೆ. ಇನ್ನೂ ಕೆಳಗೆ ಹೋಗಬೇಡಿ. ಬೀಳುವ ಧೂಳು, ಹಾರುವ ಕೂದಲು, ಹೊಗೆ ಎಲ್ಲವೂ ಅದೇ ಶಾಟ್‌ನಲ್ಲಿ ಓಡತೊಡಗಿ ಗುಟ್ಟು ರಟ್ಟಾಗುತ್ತದೆ.

ಹೀರೋನ ದೌರ್ಬಲ್ಯ ಮುಚ್ಚಲು ಸೆಕೆಂಡಿಗೆ ಎರಡು ಕಟ್ ಹಾಕುವುದು ಇಂಥ ಸಿನಿಮಾಗಳ ದೊಡ್ಡ ರೋಗ. ಯಾರು ಯಾರಿಗೆ ಹೊಡೆದರು ಎಂದೇ ತಿಳಿಯದಿದ್ದರೆ ಫೈಟ್ ಇದ್ದೂ ಇಲ್ಲದಂತೆ. ಪ್ರತಿ ಫೈಟ್‌ನಲ್ಲಿ ಮೂರು ನಾಲ್ಕು ಸೆಕೆಂಡಿನ ಒಂದು ವೈಡ್ ಶಾಟ್ ಇರಲಿ. ಅದರಲ್ಲಿ ಹೀರೋ ಮುಖ ಕಾಣುವಂತೆ ನಿಂತು, ತಾನೇ, ಕಟ್ ಇಲ್ಲದೆ ಒಂದು ಪಟ್ಟು ಹಾಕಲಿ. ಆ ಒಂದು ಶಾಟ್‌ಗಾಗಿ ಒಂದು ಗಂಟೆ ಹೋದರೂ ಹೋಗಲಿ. ಅಭಿಮಾನಿ ಅದನ್ನು ನೋಡಿ ನಂಬಿದ ಮೇಲೆ ಡ್ಯೂಪ್‌ನ ಇಪ್ಪತ್ತು ಶಾಟ್‌ಗಳನ್ನೂ ನಂಬುತ್ತಾನೆ.

ಬಂದೂಕು

ಇಲ್ಲಿ ಉಳಿತಾಯದ ಮಾತೇ ಬೇಡ. 1984ರಲ್ಲಿ ನಟ ಜಾನ್ ಎರಿಕ್ ಹೆಕ್ಸಮ್ ಬ್ಲ್ಯಾಂಕ್, ಅಂದರೆ ಬರೀ ಮದ್ದಿರುವ ತೋಟಾ, ತುಂಬಿದ ರಿವಾಲ್ವರ್ ಅನ್ನು ತಲೆಗಿಟ್ಟು ಒತ್ತಿ ಸತ್ತರು. ಬ್ಲ್ಯಾಂಕ್‌ನಲ್ಲಿ ಗುಂಡಿಲ್ಲದಿದ್ದರೂ ಹತ್ತಿರದಿಂದ ಅದರ ಒತ್ತಡವೇ ತಲೆಬುರುಡೆ ಒಡೆಯಲು ಸಾಕು. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು, ನಳಿಕೆಯಲ್ಲಿ ಮೊದಲೇ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಬ್ಲ್ಯಾಂಕ್ ತಳ್ಳಿದ್ದರಿಂದ. 2021ರ ಅಕ್ಟೋಬರ್‌ನಲ್ಲಿ ಸಣ್ಣ ಬಜೆಟ್‌ನ ಚಿತ್ರವೊಂದರ ಸೆಟ್‌ನಲ್ಲಿ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹ್ಯಾಲಿನಾ ಹಚಿನ್ಸ್ ಪ್ರಾಣ ಹೋಯಿತು. ಗುಂಡು ಹಾರದ ರಬ್ಬರ್ ಮತ್ತು ಗ್ಯಾಸ್ ಬಂದೂಕು ತನ್ನಿ, ಬೆಂಕಿಯ ಮಿಂಚನ್ನು ಸಿಜಿಯಲ್ಲಿ, ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ, ಹಾಕಿ. ಮಿಂಚಿನ ಜೊತೆ ಒಂದು ಫ್ರೇಮ್ ಮುಖದ ಮೇಲೆ ಬೆಳಕು, ಹಾರುವ ಖಾಲಿ ತೋಟಾ ಸೇರಿಸಿದರೆ ಸಾಕು. ಕೈಯ ಹಿನ್ನೊದೆತವನ್ನು ಮಾತ್ರ ನಟ ಅಭಿನಯಿಸಬೇಕು. ಅದಿಲ್ಲದಿದ್ದರೆ ಎಂಥ ಸಿಜಿಯೂ ಆಟಿಕೆಯಂತೆ ಕಾಣುತ್ತದೆ.

ಮುಖಕ್ಕೆ ಲೈಟ್, ಕೂದಲಿಗೆ ಬಣ್ಣ

ಹೀರೋ ಎಂದರೆ ಲೋ ಆ್ಯಂಗಲ್ ಎಂಬ ಅಭ್ಯಾಸ ಬಿಡಿ. ಕೆಳಗಿನಿಂದ ನೋಡಿದರೆ ಇಳಿದ ಗಲ್ಲವೂ ಕತ್ತಿನ ಸುಕ್ಕೂ ಮೊದಲು ಕಾಣುತ್ತವೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಒಂದೆರಡು ಇಂಚು ಮೇಲಿರಲಿ, ಗಲ್ಲ ತುಸು ಮುಂದಕ್ಕೆ ಬರಲಿ. ಮುಖ್ಯ ಲೈಟನ್ನು ಮೇಲಿನಿಂದ ಕೊಟ್ಟರೆ ಕಣ್ಣಿನ ಕೆಳಗಿನ ಚೀಲಗಳು ನೆರಳಾಗುತ್ತವೆ. ಅದನ್ನು ಕಣ್ಣಿನ ಎತ್ತರಕ್ಕೆ ಇಳಿಸಿ, ದೊಡ್ಡ ಬಟ್ಟೆಯ ಮೂಲಕ ಮೃದು ಮಾಡಿ. ಡಿಐನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದುವ ಹಂತದಲ್ಲಿ, ಚರ್ಮ ನಯ ಮಾಡುವ ಆಸೆಗೆ ಬೀಳಬೇಡಿ. ತಲೆ ಅಲ್ಲಾಡಿದಾಗ ಮುಖ ಮೇಣದಂತೆ ಜಾರುತ್ತದೆ. ಕೂದಲಿಗೆ ಕಡುಕಪ್ಪು ಬಣ್ಣ ಹಚ್ಚಿದ್ದರೆ ಹಿಂದಿನ ಲೈಟ್ ಬಿದ್ದಾಗ ನೀಲಿ ಹೊಡೆಯುತ್ತದೆ, ಗಾಢ ಕಂದು ಒಳ್ಳೆಯದು. ಹೀರೋ ಒಪ್ಪಿದರೆ ನರೆಯನ್ನೇ ಬಿಡಿ. ಪಾತ್ರ ನಿವೃತ್ತ ಅಧಿಕಾರಿಯದ್ದು ತಾನೇ.

ಮಾತು ಮತ್ತು ಮರೆವು

ಡೈಲಾಗ್ ಒಂದು ಉಸಿರಿಗೆ ಏಳೆಂಟು ಪದ ಮೀರದಿರಲಿ. ಹೀರೋಗೆ ಪ್ರಾಂಪ್ಟಿಂಗ್ ಬೇಕೋ, ಎದುರಿಗೆ ಹಲಗೆಯ ಮೇಲೆ ಬರೆದು ಹಿಡಿಯಬೇಕೋ, ಕಿವಿಯಲ್ಲಿ ಇಯರ್‌ಪೀಸ್ ಇಡಬೇಕೋ ಎಂದು ಶೂಟಿಂಗ್‌ಗೆ ವಾರ ಮುಂಚೆ ಅವರನ್ನೇ ಗೌರವದಿಂದ ಕೇಳಿ. ಬರೆದ ಹಲಗೆ ಇಟ್ಟರೆ ಅದನ್ನು ಎದುರಿನ ನಟನ ಕಣ್ಣಿನ ಪಕ್ಕಕ್ಕೇ ಹಿಡಿಯಬೇಕು. ಒಂದಡಿ ದೂರ ಹಿಡಿದರೂ ಓದುತ್ತಿರುವುದು ಕಾಣುತ್ತದೆ.

ತೊಡಕು ಮರೆವಿಗಿಂತ ದೊಡ್ಡದಿರಬಹುದು, ಇದನ್ನು ಯೂನಿಟ್‌ನವರು ಹಗುರವಾಗಿ ತೆಗೆದುಕೊಳ್ಳಬಾರದು. 2022ರ ಮಾರ್ಚ್‌ನಲ್ಲಿ ಹಾಲಿವುಡ್‌ನ ಆ್ಯಕ್ಷನ್ ಹೀರೋ ಬ್ರೂಸ್ ವಿಲ್ಲಿಸ್ ಅವರ ಕುಟುಂಬ, ಅವರಿಗೆ ಮಾತಿನ ಶಕ್ತಿಯನ್ನೇ ಕುಗ್ಗಿಸುವ ಅಫೇಸಿಯಾ ಇದೆ, ನಟನೆಯಿಂದ ದೂರ ಸರಿಯುತ್ತಾರೆ ಎಂದು ತಿಳಿಸಿತು. ಅದಕ್ಕೆ ಮೊದಲು ಅವರು ಒಂದರ ಹಿಂದೊಂದು ಸಣ್ಣ ಬಜೆಟ್‌ನ ಆ್ಯಕ್ಷನ್ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಅವರ ಅಭಿನಯವನ್ನು ಅಣಕಿಸಲು, ವರ್ಷದ ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡುವ ರಾಝಿ ಪ್ರಶಸ್ತಿಯವರು ಮಾಡಿದ್ದ ಪ್ರತ್ಯೇಕ ವಿಭಾಗವನ್ನು ಈ ಸುದ್ದಿ ಬಂದ ಮೇಲೆ ಹಿಂಪಡೆದರು. ಹೀರೋ ಪದೇ ಪದೇ ಒಂದೇ ಪ್ರಶ್ನೆ ಕೇಳುತ್ತಿದ್ದರೆ, ತಾನು ಯಾವ ಸೀನ್‌ನಲ್ಲಿದ್ದೇನೆ ಎಂದು ತಿಳಿಯದಂತಿದ್ದರೆ ಕ್ಯಾಮೆರಾ ನಿಲ್ಲಿಸಿ. ಮನೆಯವರೊಂದಿಗೆ, ಡಾಕ್ಟರ್‌ರೊಂದಿಗೆ ಮಾತಾಡಿ. ಅಂಥ ಸ್ಥಿತಿಯಲ್ಲಿ ಕೈಗೆ ಬಂದೂಕು ಕೊಡುವುದಾಗಲಿ, ಫೈಟ್ ಮಾಡಿಸುವುದಾಗಲಿ ಸಲ್ಲದು, ಕರಾರಿನಲ್ಲಿ ಏನೇ ಬರೆದಿರಲಿ.

ಕೊನೆಯ ದಿನದ ಕೊನೆಯ ಗಂಟೆ

ನಾಲ್ಕನೇ ದಿನ ಪ್ಯಾಕಪ್‌ಗೆ ಒಂದು ಗಂಟೆ ಮುಂಚೆ ಸೀನ್ ಪೇಪರ್ ಪಕ್ಕಕ್ಕಿಟ್ಟುಬಿಡಿ. ಸಿನಿಮಾದ ಎರಡು ಮುಖ್ಯ ಹಿನ್ನೆಲೆಗಳು, ಅಂದರೆ ಕೂತ ಜಾಗದ ಗೋಡೆ ಮತ್ತು ಗೋಡೌನಿನ ಕತ್ತಲು, ಇವುಗಳ ಮುಂದೆ ಹೀರೋನ ಮಿಡ್ ಮತ್ತು ಕ್ಲೋಸ್ ತೆಗೆಯಿರಿ: ಎಡಕ್ಕೆ ನೋಡುವುದು, ಬಲಕ್ಕೆ ನೋಡುವುದು, ಯಾರದೋ ಮಾತು ಕೇಳಿಸಿಕೊಳ್ಳುವುದು, ಸದ್ದಿಗೆ ತಿರುಗುವುದು, ಫೋನ್ ಕೆಳಗಿಡುವುದು. ಒಂದೊಂದೂ ಇಪ್ಪತ್ತು ಸೆಕೆಂಡ್, ಮಾತಿಲ್ಲದೆ. ಎಡಿಟಿಂಗ್ ಟೇಬಲ್‌ನಲ್ಲಿ ಕಥೆಯ ತೂತು ಮುಚ್ಚುವುದು ಈ ಶಾಟ್‌ಗಳೇ. ಇವು ಇಲ್ಲದವರು ಹೀರೋನ ಹಳೇ ಚಿತ್ರದ ತುಣುಕು ತಂದು ಹಾಕುತ್ತಾರೆ, ಗ್ರೇನ್ ಬೇರೆ, ಕೂದಲು ಬೇರೆ, ಹಕ್ಕಿನ ತಕರಾರು ಬೇರೆ.

ಅದೇ ಗಂಟೆಯ ಕೊನೆಯ ಹತ್ತು ನಿಮಿಷ ಸೌಂಡ್‌ನವರಿಗೆ ಕೊಡಿ. ಫೈಟ್‌ನ ಏದುಸಿರು, ನೋವಿನ ಸದ್ದು, ಗದರುವುದು, ಮತ್ತೆ "ಹೌದು", "ಇಲ್ಲ", "ನಿಲ್ಲು", "ಎಲ್ಲಿದ್ದಾಳೆ?" ಎಂಬಂಥ ಸಣ್ಣ ಮಾತುಗಳನ್ನು ಮೂರು ಬಗೆಯಲ್ಲಿ ಹೇಳಿಸಿ ರೆಕಾರ್ಡ್ ಮಾಡಲಿ. ಡ್ಯೂಪ್‌ನ ಬೆನ್ನು ಕಾಣುವ ಶಾಟ್‌ಗೆ ಈ ಉಸಿರು ಸೇರಿಸಿದರೆ ಆ ಬೆನ್ನೂ ಹೀರೋನದ್ದೇ ಆಗುತ್ತದೆ. ಫೈಲ್‌ಗಳನ್ನು ಅದೇ ರಾತ್ರಿ ಎರಡು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಸಿ, ಒಂದನ್ನು ಎಡಿಟರ್‌ಗೆ ಕಳಿಸಿಕೊಡಿ. ಹೀರೋನ ಸೀನ್‌ಗಳು ಮಾತ್ರ ಸೇರಿದ ಒಂದು ಒರಟು ಕಟ್ ಡಬ್ಬಿಂಗ್ ದಿನಕ್ಕೆ ಮೊದಲು ಸಿದ್ಧವಾಗಬೇಕು. ಏನು ಕಡಿಮೆ ಬಿದ್ದಿದೆ ಎಂದು ಗೊತ್ತಾಗುವುದು ಆಗಲೇ, ಬಿಟ್ಟುಹೋದ ಮಾತನ್ನು ಬೆನ್ನಿನ ಶಾಟ್‌ಗಳ ಮೇಲೆ ಹೇಳಿಸಿಕೊಳ್ಳಲು ಹೀರೋ ಸಿಗುವುದೂ ಆ ಒಂದೇ ದಿನ.